ದಫೇದಾರನ ಹುರುಳಿ, ಬಿಸ್ಕೆಟ್‌ನ ಹೊಟ್ಟೆ

ಪ್ರಾಸ್ಪೆಕ್ಟ್

ಮೂವತ್ತಮೂರು ವರ್ಷ ಕುದುರೆಯ ಮೇಲೆ ಕೂತು ಸಂಬಳ ತೆಗೆದುಕೊಂಡವನು ನಾನು. ಮೈಸೂರಿನ ಕುದುರೆ ಪೊಲೀಸಿನಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ ದಫೇದಾರನಾಗಿ ನಿವೃತ್ತನಾದೆ. ಹೆಸರು ಮರಿಸ್ವಾಮಿ. ನಮ್ಮ ಡಾಕ್ಟರುಗಳಿಗೆ ಸವಾರಿ ಕಲಿಸಿಕೊಡಿ ಎಂದು ಆಸ್ಟ್ರೇಲಿಯಾದವರೇನೂ ನನ್ನನ್ನು ಕರೆಸಲಿಲ್ಲ. ಮಗಳ ಮನೆಗೆ ಹೋಗಿದ್ದಾಗ ಆ ಅವಕಾಶ ತಾನಾಗಿಯೇ ಒದಗಿತು. ಈ ಮಾತು ಹೇಳುವಾಗ ನನ್ನ ಹೆಂಡತಿ ಸರೋಜ ಪಕ್ಕದಲ್ಲಿದ್ದರೆ, "ಕಲ್ಸಿದ್ದನ್ನ ಹೇಳ್ತೀರಿ, ಕಲ್ತಿದ್ದನ್ನೂ ಒಂಚೂರು ಹೇಳಿ" ಎನ್ನುತ್ತಾಳೆ. ಹಾಗಾಗಿ ಎರಡನ್ನೂ ಬರೆಯುತ್ತೇನೆ.

ಮಗಳು ಪೂರ್ಣಿಮಾ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿದ್ದಾಳೆ, ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು. ಅವಳೂ, ಅವಳ ಹಾಗೇ ನಮ್ಮ ಕಡೆಯಿಂದ ಹೋಗಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ ಕೆಲವು ಡಾಕ್ಟರುಗಳೂ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕುದುರೆ ಹತ್ತಿ ಮರುಭೂಮಿಗೆ ಹೋಗುತ್ತಾರೆ. ಎರಡೂವರೆ ದಿನ ಸವಾರಿ ಮಾಡಿದರೆ ಬಯಲಿನ ನಡುವೆ ಒಂದು ಪುಟ್ಟ ಊರು ಸಿಗುತ್ತದೆ. ಅಲ್ಲಿ ಎರಡು ದಿನ ಬೀಡುಬಿಟ್ಟು ಹಲ್ಲು, ಕಣ್ಣು, ಬೀಪಿ, ಸಕ್ಕರೆ ಎಲ್ಲ ನೋಡಿ, ಉಳಿದ ಹೊತ್ತಿನಲ್ಲಿ ಊರಿನವರು ಹೇಳಿದ ಕೆಲಸ ಮಾಡಿ ಬರುವುದು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಬೇಡವೆಂದರು.

"ಕುದ್ರೆ ಯಾಕಮ್ಮ, ಕಾರಿಲ್ವ ನಿಮ್ಗೆ?" ಎಂದು ಕೇಳಿದೆ.

"ಕಾರಲ್ಲಿ ಹೋದ್ರೆ ಚೆಕಪ್ ಮುಗಿಸಿ ಸಂಜೆಗೇ ವಾಪಸ್ ಹೊರಟುಬಿಡ್ತೀವಿ ಅಪ್ಪ. ಕುದ್ರೇಲಿ ಹೋದ್ರೆ ಅದಕ್ಕೆ ರೆಸ್ಟ್ ಬೇಕಲ್ಲ, ಎರಡು ದಿನ ಇರ್ಲೇಬೇಕು. ಆವಾಗ್ಲೇ ಜನ ನಿಜವಾದ ಕಾಯಿಲೆ ಹೇಳೋದು."

ಮಾತು ನ್ಯಾಯವಾಗಿತ್ತು. ಈ ಸಲ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ನಮ್ಮಪ್ಪ ಕುದುರೆ ವಿಷಯದಲ್ಲಿ ಎಕ್ಸ್‌ಪರ್ಟ್ ಎಂದು ಹೇಳಿ ಪೂರ್ಣಿ ನನ್ನ ಹೆಸರು ಸೇರಿಸಿದಳು. ಅವಳ ಮಾತಿನ ಮೇಲೆ ಅವರು ಒಪ್ಪಿದರು. ಇದನ್ನು ಓದುವವರು ನೆನಪಿನಲ್ಲಿಡಬೇಕು, ನಾನು ಅಲ್ಲಿಗೆ ಹೋದದ್ದು ಮಗಳ ಜಾಮೀನಿನ ಮೇಲೆ.

ಹೊರಡುವ ಹಿಂದಿನ ದಿನ ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಗೆ ಹೋಗಿ ಒಂದೊಂದು ಕೇಜಿಯ ಎರಡು ಪ್ಯಾಕೆಟ್ ಹುರುಳಿಕಾಳು ತಂದೆ. ಸರೋಜ ಬಸ್ಸಾರಿಗೆ ಎಂದುಕೊಂಡು ಸಂತೋಷಪಟ್ಟಳು. ಅವಳು ಮೊಮ್ಮಗನನ್ನು ನೋಡಿಕೊಂಡು ಮನೆಯಲ್ಲೇ ಉಳಿಯುವವಳು. ನಾನು ಪ್ಯಾಕೆಟ್ಟುಗಳನ್ನು ನನ್ನ ಚೀಲದ ತಳಕ್ಕೆ ಸೇರಿಸಿದೆ. ನಮ್ಮ ಲಾಯದಲ್ಲಿ ಬೇಯಿಸಿದ ಹುರುಳಿ ಕಾಣದ ಕುದುರೆಯನ್ನು ಕುದುರೆ ಎಂದೇ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

ಮೊದಲ ದಿನ: ಟವೆಲ್ಲು

ಅಡಿಲೇಡಿನಿಂದ ಉತ್ತರಕ್ಕೆ ಇಡೀ ಹಗಲು ಕಾರಿನಲ್ಲಿ ಹೋದರೆ ಡೆಬ್ ಎಂಬಾಕೆಯ ಫಾರ್ಮು ಸಿಗುತ್ತದೆ. ಕುದುರೆಗಳು ಅವಳವು, ಸವಾರಿಗೆ ನಾಯಕಿಯೂ ಅವಳೇ. ಅರವತ್ತು ದಾಟಿದ ಎತ್ತರದ ಹೆಂಗಸು. ಅವಳ ಟೋಪಿಯ ಬೆವರಿನ ಕಲೆ ನೋಡಿಯೇ ಕೆಲಸ ಬಲ್ಲವಳು ಎಂದು ಹೇಳಬಹುದಿತ್ತು. ಕುದುರೆಗಳನ್ನು ನೋಡಿ ಮಾತ್ರ ನನಗೆ ಸಂಕಟವಾಯಿತು. ಮಾಲೀಸು ಕಾಣದ ಮೈ, ಕತ್ತರಿ ಕಾಣದ ಜೂಲು, ಗೊರಸಿಗೆ ಮೆತ್ತಿದ ಕೆಮ್ಮಣ್ಣು. ಇಂಥ ಕುದುರೆಯನ್ನು ನಮ್ಮ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿದ್ದರೆ ಅವತ್ತು ಮನೆಯ ಊಟ ನಮ್ಮ ಪಾಲಿಗಿರುತ್ತಿರಲಿಲ್ಲ.

ಅಲ್ಲಿ ಉಳಿದವರ ಪರಿಚಯವಾಯಿತು. ಪರ್ತ್‌ನ ಥಾರ್ನ್ಲಿಯಿಂದ ಬಂದ ಡಾಕ್ಟರ್ ಇಕ್ಬಾಲ್ ಹೃದಯದ ಸ್ಪೆಷಲಿಸ್ಟು, ಚನ್ನಪಟ್ಟಣದವರು. ಬ್ರಿಸ್ಬೇನ್ ಹತ್ತಿರದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಬಂದ ಲಿಲ್ಲಿ ಹಲ್ಲಿನ ಡಾಕ್ಟರು, ಬೆಂಗಳೂರಿನವಳು. ಅವಳು ತನ್ನ ಮಡಚುವ ಕುರ್ಚಿಯನ್ನೂ ತಂದಿದ್ದಳು. ಇನ್ನೂ ಮೂವರಿದ್ದರು. ಎಲ್ಲರೂ ನನ್ನನ್ನು ಅಂಕಲ್ ಎಂದರು, ಕುದುರೆಯ ಹತ್ತಿರ ಬಂದಾಗ ನನ್ನ ಹಿಂದೆ ನಿಂತರು. ನನಗೆ ಒಳಗೊಳಗೇ ಹಿಗ್ಗು. ಒಂದು ಪಿಕಪ್ ಗಾಡಿಯಲ್ಲಿ ಕುದುರೆಗೆ ಒಣಹುಲ್ಲು, ನಮಗೆ ರೇಷನ್ನು, ಲಿಲ್ಲಿಯ ಕುರ್ಚಿ ಎಲ್ಲ ತುಂಬಿದರು. ಅದನ್ನು ಡೆಬ್‌ಳ ಗಂಡ ಓಡಿಸುತ್ತಿದ್ದ.

ಮರುದಿನ ಬೆಳಿಗ್ಗೆ ಸವಾರಿ ಹೊರಡುವ ಮುಂಚೆ ಡೆಬ್ ಮೂರು ನಿಯಮ ಹೇಳಿದಳು, ಪೂರ್ಣಿ ನನಗೆ ಕನ್ನಡದಲ್ಲಿ ಹೇಳಿದಳು. ಟೋಪಿ ತೆಗೆಯಬಾರದು. ಡೆಬ್‌ಳನ್ನು ದಾಟಿ ಮುಂದೆ ಹೋಗಬಾರದು. ಕುದುರೆಗೆ ಡೆಬ್ ಕೊಟ್ಟದ್ದು ಬಿಟ್ಟು ಬೇರೇನೂ ತಿನ್ನಿಸಬಾರದು, ಒಂದು ಸೇಬಿನ ಹೋಳನ್ನೂ. ಮೂರನೆಯದನ್ನು ಆಕೆ ಎರಡು ಸಲ ಹೇಳಿದಳು. ನಾನು ತಲೆಯಾಡಿಸಿದೆ. ಇದು ಡಾಕ್ಟರುಗಳಿಗೆ ಹೇಳಿದ್ದು ಎಂದು ಮನಸ್ಸಿನಲ್ಲೇ ತೀರ್ಮಾನವನ್ನೂ ಮಾಡಿಕೊಂಡೆ. ಕುದುರೆ ಗೊತ್ತಿಲ್ಲದವರು ಏನಾದರೂ ತಿನ್ನಿಸಿ ಎಡವಟ್ಟು ಮಾಡಿಯಾರು, ಪಾಪ.

ನನಗೆ ಕೊಟ್ಟ ಕುದುರೆಯ ಹೆಸರು ಬಿಸ್ಕೆಟ್. ಮೈಬಣ್ಣವೂ ಹಾಗೇ. ಹದಿನೈದು ವರ್ಷದ ಗಂಡು ಕುದುರೆ, ಬೀಜ ತೆಗೆಸಿ ಹಿಡ ಮಾಡಿಸಿದ್ದು, ಸಾಧು. ನಾನು ಎಲ್ಲರೂ ನೋಡಲಿ ಎಂದು ರಿಕಾಪಿಗೆ ಕಾಲು ಕೊಟ್ಟು ಒಂದೇ ಏಟಿಗೆ ಹತ್ತಿ, ಬೆನ್ನು ನೆಟ್ಟಗೆ ಮಾಡಿ, ಲಗಾಮನ್ನು ಬಿಗಿಯಾಗಿ ಹಿಡಿದೆ. ನಮ್ಮಲ್ಲಿ ಪೆರೇಡಿಗೆ ಹಾಗೇ ಹಿಡಿಯುವುದು. ಬಿಸ್ಕೆಟ್ ಹಿಂದಕ್ಕೆ ಹೆಜ್ಜೆ ಹಾಕಿತು. ನಾನು ಇನ್ನಷ್ಟು ಬಿಗಿದೆ, ಅದು ಇನ್ನಷ್ಟು ಹಿಂದಕ್ಕೆ ಹೋಯಿತು. ಹಾಗೇ ಹಿಮ್ಮುಖವಾಗಿ ಅಂಗಳ ದಾಟಿ ಬಟ್ಟೆ ಒಣಹಾಕಿದ್ದ ತಂತಿಯೊಳಗೆ ನುಗ್ಗಿ, ಡೆಬ್‌ಳ ಟವೆಲ್ಲನ್ನು ಬೆನ್ನಿನ ಮೇಲೆ ಹಾಕಿಕೊಂಡು ನಿಂತಿತು. ಅಲ್ಲಿಯ ಕುದುರೆಗಳನ್ನು ಲಗಾಮು ಸಡಿಲ ಬಿಟ್ಟು ಓಡಿಸುತ್ತಾರೆ. ಬಿಗಿ ಹಿಡಿದರೆ ಹಿಂದಕ್ಕೆ ಹೋಗು ಎಂದರ್ಥವಂತೆ. ಡೆಬ್ ನಗಲಿಲ್ಲ, ಬಂದು ಟವೆಲ್ಲು ತೆಗೆದುಕೊಂಡಳು. ಇಕ್ಬಾಲ್ ಮಾತ್ರ, "ಅಂಕಲ್, ಇದು ಯಾವ ಸ್ಟೈಲು, ಮೈಸೂರು ಸ್ಟೈಲಾ?" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಜೀನು ಸರಿಯಿಲ್ಲ ಎಂದೆ.

ಎರಡನೇ ದಿನ: ನೊಣಗಳ ರಾಜ್ಯ

ಮರುಭೂಮಿ ಎಂದರೆ ಮರಳು ದಿಬ್ಬ ಎಂದುಕೊಂಡಿದ್ದೆ. ಅಲ್ಲಿರುವುದು ಕೆಂಪು ನೆಲ, ಮೊಣಕಾಲುದ್ದದ ಬೂದು ಬಣ್ಣದ ಉಪ್ಪು ಪೊದೆ, ಮತ್ತೆ ಆಕಾಶ. ನಮ್ಮ ಕಡೆ ಎಷ್ಟು ದೂರ ಹೋದರೂ ಒಂದು ಹನುಮಂತನ ಗುಡಿಯೋ ಟೀ ಅಂಗಡಿಯೋ ಎದುರಾಗುತ್ತದೆ. ಇಲ್ಲಿ ಬೆಳಿಗ್ಗೆ ಕಂಡ ಗುಡ್ಡ ಸಂಜೆಯೂ ಅಲ್ಲೇ ಇತ್ತು. ಮೊದಲು ನನಗೆ ಬೇಜಾರಾಯಿತು. ಮಧ್ಯಾಹ್ನದ ಹೊತ್ತಿಗೆ ಗೊರಸಿನ ಸದ್ದು, ಜೀನಿನ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳದೆ ಮನಸ್ಸು ಹಗುರವಾಯಿತು. ನನ್ನ ಸರ್ವಿಸಿನಲ್ಲಿ ನಾನು ಕುದುರೆ ಹತ್ತಿದ್ದೆಲ್ಲ ಜನಜಂಗುಳಿಯ ನಡುವೆ. ಯಾರನ್ನೂ ಚದುರಿಸುವ ಕೆಲಸವಿಲ್ಲದ ಸವಾರಿ ಇದೇ ಮೊದಲು.

ನೊಣಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅವು ಕಚ್ಚುವುದಿಲ್ಲ, ಕಣ್ಣಿನ ಮೂಲೆಗೆ, ಮೂಗಿನ ಹೊಳ್ಳೆಗೆ ಬಂದು ಕೂರುತ್ತವೆ. ಡಾಕ್ಟರುಗಳು ಟೋಪಿಯ ಮೇಲೆ ಬಲೆ ಹಾಕಿಕೊಂಡಿದ್ದರು. ನಾನು ಬೇಡವೆಂದೆ. ಪೊಲೀಸಿನವನು ಮುಖ ಮುಚ್ಚಿಕೊಳ್ಳಬಾರದು. ಅರ್ಧ ಗಂಟೆಯಲ್ಲಿ ಎರಡು ನೊಣ ನುಂಗಿದ ಮೇಲೆ ಲಿಲ್ಲಿಯ ಹತ್ತಿರ ಬಲೆ ಕೇಳಿ ಪಡೆದೆ.

ಅಲ್ಲಿಯವರಿಗೆ ಬೆಳಗಿನ ಟೀ ಬಿಡುವೆಂದರೆ ಪೂಜೆ ಇದ್ದ ಹಾಗೆ. ಹಾವು ಅಡ್ಡ ಬಂದರೂ ಡೆಬ್ ನಿಲ್ಲಿಸುತ್ತಿರಲಿಲ್ಲ, ಹತ್ತೂವರೆಗೆ ಮಾತ್ರ ಕುದುರೆ ತಾನಾಗಿಯೇ ನಿಲ್ಲುತ್ತಿತ್ತು. ತಂತಿಯ ಹಿಡಿಕೆಯ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ, ಟೀಸೊಪ್ಪು ಹಾಕಿ, ಡಬ್ಬಿಯನ್ನು ತೋಳು ಬೀಸಿ ಗಿರಗಿರನೆ ತಿರುಗಿಸುತ್ತಾಳೆ, ಒಂದು ಹನಿ ಚೆಲ್ಲುವುದಿಲ್ಲ. ಇಕ್ಬಾಲ್ ತಾವೂ ಒಂದು ಕೈ ನೋಡಲು ಹೋಗಿ ಟೀಯನ್ನು ತಮ್ಮ ಬೂಟಿಗೆ ಕುಡಿಸಿದರು. ಅಷ್ಟು ಹೊತ್ತಿಗಾಗಲೇ ಅವರಿಗೆ ತೊಡೆ ಉಜ್ಜಿ ಕೂರಲಾಗುತ್ತಿರಲಿಲ್ಲ, ನಿಂತೇ ಕುಡಿಯುತ್ತಿದ್ದರು. "ಪೇಷೆಂಟ್‌ಗೆ ದಿನಾ ವಾಕ್ ಮಾಡಿ ಅಂತೀನಿ ಅಂಕಲ್, ಇನ್ಮೇಲೆ ಕುದ್ರೆ ಹತ್ತಬೇಡಿ ಅಂತಾನೂ ಹೇಳ್ತೀನಿ" ಎಂದರು. ನಾನು ಹಿಮ್ಮಡಿ ಕೆಳಗೆ, ಮಂಡಿ ಒಳಗೆ ಎಂದು ಎಲ್ಲರಿಗೂ ಹೇಳಿಕೊಡುತ್ತಾ ಸಾಲಿನ ಉದ್ದಕ್ಕೂ ಓಡಾಡಿದೆ. ನಿಜ ಹೇಳುತ್ತೇನೆ, ಅವತ್ತು ಸಂಜೆಗೆ ಅವರ ಸವಾರಿ ಸುಧಾರಿಸಿತ್ತು. ಡೆಬ್ ಕೂಡ ನನ್ನ ಕಡೆ ನೋಡಿ ಒಮ್ಮೆ ಹೆಬ್ಬೆರಳು ಎತ್ತಿದಳು.

ಆ ಹೆಬ್ಬೆರಳೇ ನನ್ನನ್ನು ಕೆಡಿಸಿತು. ಬಿಡಾರದಲ್ಲಿ ಜೀನು ಇಳಿಸುವಾಗ ಬಿಸ್ಕೆಟ್‌ನ ಪಕ್ಕೆ ಸವರಿದೆ. ಎಲುಬು ಕೈಗೆ ಸಿಕ್ಕಿತು. ಎರಡು ದಿನ ದುಡಿದ ಪ್ರಾಣಿಗೆ ಬರೀ ಒಣಹುಲ್ಲು. ಊಟವಾದ ಮೇಲೆ ಒಂದು ಬಕೆಟ್ಟಿನಲ್ಲಿ ಎರಡೂ ಪ್ಯಾಕೆಟ್ ಸುರಿದು ನೀರು ಹಾಕಿ ನನ್ನ ಹಾಸಿಗೆಯ ಮಗ್ಗುಲಲ್ಲೇ ಮುಚ್ಚಿಟ್ಟೆ. ಮಗಳಿಗೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು.

ಮೂರನೇ ದಿನ, ಬೆಳಿಗ್ಗೆ: ಹನ್ನೊಂದು ಜನ

ಬೆಳಿಗ್ಗೆ ನೋಡಿದರೆ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ. ಆ ಚಳಿಗೆ ಕಾಳು ಸರಿಯಾಗಿ ಉಬ್ಬಿರಲಿಲ್ಲ. ಬೇಯಿಸಲು ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಲಾಯದಲ್ಲಿ ಯಾರಾದರೂ ಹುಡುಗ ಹೀಗೆ ಅರೆನೆಂದ ಕಾಳು ಹಾಕಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ. ನಾನೇ ಹಾಕಿದೆ. ಬಿಸ್ಕೆಟ್ ಬಕೆಟ್ಟಿನ ತಳ ನೆಕ್ಕಿ, ತಲೆಯೆತ್ತಿ ನನ್ನ ಅಂಗಿಗೆ ಮೂತಿ ಒರೆಸಿತು. ನನಗೆ ಒಂದು ಪದಕ ಸಿಕ್ಕಷ್ಟು ಖುಷಿಯಾಯಿತು.

ಹನ್ನೊಂದಕ್ಕೆ ಊರು ತಲುಪಿದೆವು. ಊರೆಂದರೆ ತಗಡಿನ ಮಾಡಿನ ಇಪ್ಪತ್ತು ಚಿಲ್ಲರೆ ಮನೆ, ಒಂದು ಪೆಟ್ರೋಲ್ ಪಂಪು, ಒಂದು ಸಭಾಂಗಣ, ಎತ್ತರದ ನೀರಿನ ಟ್ಯಾಂಕು. ಇಕ್ಬಾಲ್ ಪರ್ತ್‌ನಿಂದ ಒಂದು ಬ್ಯಾನರ್ ಮಾಡಿಸಿಕೊಂಡು ಬಂದಿದ್ದರು, ಉಚಿತ ಆರೋಗ್ಯ ತಪಾಸಣಾ ಶಿಬಿರ ಎಂದು ಇಂಗ್ಲಿಷಿನಲ್ಲಿ. ಕಟ್ಟಿದ ಐದು ನಿಮಿಷಕ್ಕೆ ಗಾಳಿ ಅದನ್ನು ಹೊತ್ತುಕೊಂಡು ಹೋಯಿತು, ಯಾರೂ ಹುಡುಕಲು ಹೋಗಲಿಲ್ಲ. ನಮ್ಮಲ್ಲಿ ಶಿಬಿರವೆಂದರೆ ಶಾಮಿಯಾನ, ಮೈಕು, ಹಾರ, ಎಮ್ಮೆಲ್ಲೆ ಬರುವವರೆಗೆ ಬಿಸಿಲಿನಲ್ಲಿ ಕಾಯುವ ಮುದುಕಿಯರು. ನಾನು ಕ್ಯೂ ನಿಲ್ಲಿಸುವ ಹೊಣೆ ಹೊತ್ತು ಬಾಗಿಲಲ್ಲಿ ನಿಂತೆ. ಬಂದವರು ಒಟ್ಟು ಹನ್ನೊಂದು ಜನ, ಒಬ್ಬೊಬ್ಬರೂ ಡಾಕ್ಟರುಗಳಿಗೆಂದು ಕೇಕು ಮಾಡಿಕೊಂಡು ಬಂದಿದ್ದರು. ಸಕ್ಕರೆ ಕಾಯಿಲೆ ನೋಡಲು ಬಂದ ಪೂರ್ಣಿಯ ಮೇಜಿನ ಮೇಲೆ ಮಧ್ಯಾಹ್ನದೊಳಗೆ ಐದು ಬಗೆಯ ಕೇಕು ಜೋಡಿಸಿತ್ತು.

ಕುದುರೆಗಳನ್ನು ಸಭಾಂಗಣದ ಹಿಂದಿನ ಆವರಣದಲ್ಲಿ ಬಿಟ್ಟಿದ್ದೆವು. ಅಲ್ಲಿಯ ನೀರಿನ ತೊಟ್ಟಿಯನ್ನು ನೋಡಿಕೊಳ್ಳುವವನು ಕೆವಿನ್ ಎಂಬ ಎಪ್ಪತ್ತರ ಮುದುಕ. ಕೊಳವೆಬಾವಿಯ ಪಂಪು ನಿಧಾನ, ನಾವು ಬರುತ್ತೇವೆಂದು ಎರಡು ದಿನದಿಂದ ನೀರು ಬಿಟ್ಟು ತೊಟ್ಟಿ ತುಂಬಿಸಿದ್ದನಂತೆ. ನನಗೂ ಅವನಿಗೂ ಭಾಷೆ ಅಷ್ಟಕ್ಕಷ್ಟೇ. ಆದರೂ ಅವನು ತೊಟ್ಟಿಯನ್ನು ಉಜ್ಜಿ ತೊಳೆದಿದ್ದ ರೀತಿ ನೋಡಿ ಇವನು ನಮ್ಮವನು ಎನಿಸಿತು. ನಾನು ಭೇಷ್ ಎಂದು ಅವನ ಬೆನ್ನು ತಟ್ಟಿದೆ.

ಮೂರನೇ ದಿನ, ಆರ್ವೋ: ತೊಟ್ಟಿ

ಮಧ್ಯಾಹ್ನದ ಮೇಲಿನ ಹೊತ್ತನ್ನು ಅಲ್ಲಿಯವರು ಆರ್ವೋ ಎನ್ನುತ್ತಾರೆ. ಮೂರು ಗಂಟೆ ಇರಬಹುದು. ನಾನು ಸಭಾಂಗಣದ ಕಿಟಕಿಗೆ ಬಣ್ಣ ಬಳಿಯುತ್ತಿದ್ದೆ. ಆವರಣದ ಕಡೆ ಕಣ್ಣು ಹಾಯಿಸಿದರೆ ಬಿಸ್ಕೆಟ್ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಕೆರೆದು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಕುದುರೆ ತನ್ನ ಹೊಟ್ಟೆ ನೋಡಿಕೊಂಡರೆ ಏನರ್ಥವೆಂದು ನನಗೆ ಯಾರೂ ಹೇಳಬೇಕಿಲ್ಲ. ಕುಂಚ ಕೈಯಿಂದ ಬಿತ್ತು. ನಾನು ಓಡುವಷ್ಟರಲ್ಲಿ ಅದು ಮಲಗಿ ಹೊರಳಿತು, ಎದ್ದಿತು, ಮತ್ತೆ ಮಲಗಿತು. ಕತ್ತೆಲ್ಲ ಬೆವರು.

ಡೆಬ್ ಬಂದಳು. ಬಾಯಿಗೆ ನೋವು ತಗ್ಗಿಸುವ ಪೇಸ್ಟ್ ಹಾಕಿ, ಹಗ್ಗ ಹಿಡಿದು ಎಬ್ಬಿಸಿ, ಸ್ಯಾಟಲೈಟ್ ಫೋನಿನಲ್ಲಿ ಪಶುವೈದ್ಯೆಗೆ ಫೋನು ಮಾಡಿದಳು. ಎಲ್ಲರೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. ವೈದ್ಯೆ ಇದ್ದದ್ದು ಐದು ಗಂಟೆಯ ದಾರಿಯಲ್ಲಿ. ಪೂರ್ಣಿ ನನ್ನ ಪಕ್ಕದಲ್ಲಿ ನಿಂತು ಆಡಿದ್ದನ್ನೆಲ್ಲ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಏನು ತಿಂತು ಅಂತ ಕೇಳ್ತಿದಾರೆ. ಎಲ್ಲ ಕುದ್ರೆ ತಿಂದಿದ್ದೇ, ಬರೀ ಹುಲ್ಲು ಅಂತಿದಾರೆ ಡೆಬ್. ಹಾಗಾದ್ರೆ ನೀರು ನೋಡಿ ಅಂತಿದಾರೆ. ಹೊಸ ಜಾಗದ ನೀರು ಕೆಟ್ಟಿದ್ರೆ ಮಿಕ್ಕ ಕುದ್ರೆಗೂ ಬರತ್ತಂತೆ. ತೊಟ್ಟಿ ಖಾಲಿ ಮಾಡ್ಬೇಕು, ಇದಕ್ಕೆ ಬಾಟ್ಲಿ ನೀರು ಚೆನ್ನಾಗಿ ಕುಡಿಸ್ಬೇಕು ಅಂತಿದಾರೆ." ಆಮೇಲೆ ಇನ್ನೂ ಮೆಲ್ಲಗೆ ಹೇಳಿದಳು, "ಸಂಜೆ ಒಳಗೆ ಸರಿಹೋಗ್ದಿದ್ರೆ ನರಳಿಸ್ಬೇಡ, ಗನ್ ಇದೆಯಲ್ಲ ಅಂತ."

ಕೆವಿನ್ ತೊಟ್ಟಿಯ ಹತ್ತಿರ ಹೋಗಿ ಮೊಣಕಾಲೂರಿ ತಳದ ಬಿರಡೆಗೆ ಕೈ ಹಾಕಿದ. ಊರಿನವರು ಇಬ್ಬರು ಮೂವರು ಆಚೆ ನಿಂತು ನೋಡುತ್ತಿದ್ದರು. ಅವನ ಮುಖ ಕೆಂಪಾಗಿತ್ತು. ತನ್ನ ನೀರಿನಿಂದ ಹೀಗಾಯಿತೆಂದು ಅವನೇ ನಂಬಿಬಿಟ್ಟಿದ್ದ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನನ್ನ ಅಂಗಿಯ ಎದೆಗೆ ಹೋಗಿತ್ತು, ಬೆಳಿಗ್ಗೆ ಬಿಸ್ಕೆಟ್ ಮೂತಿ ಒರೆಸಿದ ಜಾಗಕ್ಕೆ. ಒಂದು ಕಾಳಿನ ಸಿಪ್ಪೆ ಅಲ್ಲಿ ಇನ್ನೂ ಅಂಟಿಕೊಂಡಿತ್ತು. ಹೇಳಬೇಕು, ಗೊತ್ತು. ಹೇಳಿದರೆ ಈ ಡಾಕ್ಟರುಗಳ ಮುಂದೆ, ಡೆಬ್‌ಳ ಮುಂದೆ, ಎಕ್ಸ್‌ಪರ್ಟ್ ಎಂದು ನನ್ನನ್ನು ಕರೆತಂದ ಮಗಳ ಮುಂದೆ ನನ್ನ ಮುಖ ಎಲ್ಲಿಡಲಿ? ಸರ್ವಿಸಿನಲ್ಲಿ ನಾನು ತಪ್ಪು ಮಾಡಿಲ್ಲವೆಂದಲ್ಲ. ಒಪ್ಪಿಕೊಂಡದ್ದಿಲ್ಲ. ಒಂದು ನಿಮಿಷವೋ ಎರಡು ನಿಮಿಷವೋ ಸುಮ್ಮನೆ ನಿಂತೆ. ಅಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಬಿರಡೆ ಕಿತ್ತು ನೀರು ಕೆಂಪು ಮಣ್ಣಿಗೆ ಹರಿಯತೊಡಗಿದ್ದು ನೋಡಿದಾಗ ತಡೆಯಲಾಗಲಿಲ್ಲ.

"ಪೂರ್ಣಿ, ನಿಲ್ಲಿಸೋಕೆ ಹೇಳು ಅವನಿಗೆ" ಎಂದೆ. "ನೀರಲ್ಲ. ನಾನು ಬೆಳಿಗ್ಗೆ ಹುರುಳಿ ಕೊಟ್ಟೆ."

ಅವಳು ನನ್ನ ಮುಖ ನೋಡಿದಳು. "ಎಷ್ಟು?"

"ಎರಡು ಕೇಜಿ. ಸರಿಯಾಗಿ ನೆಂದಿರ್ಲಿಲ್ಲ."

ಅವಳು ಡೆಬ್‌ಳ ಕೈಯಿಂದ ಫೋನು ತೆಗೆದುಕೊಂಡು ಇಂಗ್ಲಿಷಿನಲ್ಲಿ, ನಮ್ಮಪ್ಪ ಬೆಳಿಗ್ಗೆ ಒಂದು ಹಿಡಿ ಕಾಳು ಕೊಟ್ಟರಂತೆ ಎಂದಳು. ಹ್ಯಾಂಡ್‌ಫುಲ್ ಎಂದಳು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಆ ಕಡೆಯಿಂದ ವೈದ್ಯೆ, ಒಂದು ಹಿಡಿಯಿಂದ ಹೀಗಾಗುವುದಿಲ್ಲ, ನೀರು ಕುಡಿಸಿ ಎಂದಳು. ಡೆಬ್ ಬಾಟ್ಲಿ ನೀರು ಸುರಿದಿದ್ದ ಬಕೆಟ್ಟಿಗೆ ಕೈ ಹಾಕಿದಳು. ಕೆವಿನ್ ತೊಟ್ಟಿಯ ನೀರನ್ನು ಹರಿಯಲು ಬಿಟ್ಟ.

ಮಗಳು ನನ್ನ ಮಾನ ಉಳಿಸಲು ತೂಕ ಇಳಿಸಿದ್ದಳು. ಅವಳ ಕೈಯಿಂದ ಫೋನು ಕಿತ್ತುಕೊಂಡೆ ಎಂದರೆ ತಪ್ಪಿಲ್ಲ. "ಮೇಡಂ," ಎಂದೆ, "ನೋ ಹ್ಯಾಂಡ್‌ಫುಲ್. ಟೂ ಕೇಜಿ. ಹಾರ್ಸ್‌ಗ್ರಾಮ್. ಹಾಫ್ ಸೋಕ್. ಮಾರ್ನಿಂಗ್ ಸಿಕ್ಸ್. ಐ ಗಿವ್. ಮೈ ಮಿಸ್ಟೇಕ್."

ಫೋನಿನಲ್ಲಿ ವೈದ್ಯೆ ಗಟ್ಟಿಯಾಗಿ ಹೇಳಿದ್ದು ನನಗೂ ಅರ್ಥವಾಯಿತು. ನೀರು ನಿಲ್ಲಿಸಿ, ಬಕೆಟ್ಟು ದೂರ ತೆಗೆಯಿರಿ. ಒಳಗೆ ಕಾಳು ಇನ್ನಷ್ಟು ಉಬ್ಬಿದರೆ ಹೊಟ್ಟೆ ಒಡೆಯುತ್ತದೆ. ಡೆಬ್ ಬಕೆಟ್ಟನ್ನು ಕಾಲಿನಿಂದ ಒದ್ದಳು. ಬಿಸ್ಕೆಟ್‌ನ ಮೂತಿ ಆಗಲೇ ಅದರ ಅಂಚಿನಲ್ಲಿತ್ತು.

ಇಡೀ ಊರು ಕಾದದ್ದು

ವೈದ್ಯೆ ಹೊಟ್ಟೆಯ ಸದ್ದು ಕೇಳಬೇಕೆಂದಳು. ಇಕ್ಬಾಲ್ ಸ್ಟೆತಸ್ಕೋಪು ತಂದರು. ಪರ್ತ್‌ನಲ್ಲಿ ಅವರನ್ನು ನೋಡಲು ತಿಂಗಳುಗಟ್ಟಲೆ ಕಾಯಬೇಕಂತೆ, ಇಲ್ಲಿ ಕುದುರೆಯ ಪಕ್ಕೆಗೆ ಕಿವಿ ಕೊಟ್ಟು ನಿಂತರು. "ಎಡಗಡೆ ಒಂಚೂರು ಗುಡುಗುಡು ಅಂತಿದೆ. ಬಲಗಡೆ ಏನೂ ಇಲ್ಲ" ಎಂದರು. ಹತ್ತು ನಿಮಿಷ ನಡೆಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೇಳಿ ಎಂದು ವೈದ್ಯೆ ಅಪ್ಪಣೆ ಕೊಟ್ಟಳು. ಲದ್ದಿ ಹಾಕಿದರೆ ಬದುಕಿತು ಎಂದಳು.

ಡೆಬ್ ನನ್ನ ಮುಖ ನೋಡದೆ ಹಗ್ಗವನ್ನು ನನ್ನ ಕೈಗೆ ತುರುಕಿದಳು. ನಾನು ನಡೆಸಿದೆ. ಆವರಣದ ಸುತ್ತ ನಡೆಸುತ್ತಾ ಅದರ ಕಿವಿಯಲ್ಲಿ ಕನ್ನಡದಲ್ಲಿ ಮಾತಾಡಿದೆ. ಏನು ಮಾತಾಡಿದೆನೆಂದು ಬರೆಯುವುದಿಲ್ಲ. ಮನುಷ್ಯರ ಹತ್ತಿರ ಅಷ್ಟು ಕ್ಷಮೆ ನಾನು ಕೇಳಿದವನಲ್ಲ.

ಶಿಬಿರ ನಿಂತುಹೋಯಿತು. ಬಾಯಿ ತೆರೆದು ಕೂತಿದ್ದ ಒಬ್ಬ ಅಜ್ಜಿ ಲಿಲ್ಲಿಯ ಕುರ್ಚಿಯಿಂದ ಎದ್ದು, ಕೆನ್ನೆಗೆ ಹತ್ತಿ ಒತ್ತಿಕೊಂಡೇ ಬಂದು ಬೇಲಿಗೆ ಒರಗಿ ನಿಂತಳು. ಊರಿನವರು ಮಡಚುವ ಕುರ್ಚಿ ತಂದು ಹಾಕಿಕೊಂಡರು, ಕೇಕು ಹೊರಗೆ ಬಂತು. ಕೆವಿನ್ ತೊಟ್ಟಿಗೆ ಬಿರಡೆ ಹಾಕಿ ನನ್ನ ಜೊತೆ ಎರಡು ಸುತ್ತು ನಡೆದ. "ಸಾರಿ" ಎಂದೆ. "ನೋ ವರೀಸ್" ಎಂದ. ಅರ್ಧ ತೊಟ್ಟಿ ನೀರು ಮಣ್ಣುಪಾಲಾಗಿತ್ತು. ಆ ಊರಿನಲ್ಲಿ ಅದು ಎಷ್ಟೆಂದು ನನಗೆ ಗೊತ್ತು, ಅವನಿಗೂ ಗೊತ್ತು.

ಒಂದೊಂದು ಸುತ್ತಿಗೂ ಇಕ್ಬಾಲ್ ಕಿವಿಗೊಟ್ಟು ತಲೆಯಾಡಿಸುತ್ತಿದ್ದರು, ಇಲ್ಲ ಎಂದು. ನೆರಳು ಉದ್ದವಾಯಿತು. ಡೆಬ್‌ಳ ಗಂಡ ಪಿಕಪ್‌ನ ಹತ್ತಿರ ಹೋಗಿ ನಿಂತ. ಅಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಬಿಸ್ಕೆಟ್‌ನ ಹೆಜ್ಜೆ ಭಾರವಾಗಿತ್ತು. ಹನ್ನೆರಡನೆಯದೋ ಹದಿಮೂರನೆಯದೋ ಸುತ್ತಿನಲ್ಲಿ ಇಕ್ಬಾಲ್ ಬಲಗಡೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿದರು. "ಅಂಕಲ್, ಇರಿ ಇರಿ, ಏನೋ ಓಡಾಡ್ತಿದೆ" ಎಂದರು. ನಾನು ಹಗ್ಗ ಸಡಿಲ ಬಿಟ್ಟು ನಿಂತೆ. ಬಿಸ್ಕೆಟ್ ಬಾಲ ಎತ್ತಿತು. ಮೊದಲು ಉದ್ದಕ್ಕೆ ಒಂದು ಗಾಳಿ ಬಿಟ್ಟಿತು, ಆಮೇಲೆ ಲದ್ದಿ ಹಾಕಿತು.

ಬೇಲಿಯ ಆಚೆಯಿಂದ ಚಪ್ಪಾಳೆ ಬಿತ್ತು. ಇಕ್ಬಾಲ್ ಸ್ಟೆತಸ್ಕೋಪು ಕಿವಿಯಲ್ಲಿಟ್ಟುಕೊಂಡೇ ಅಳುತ್ತಿದ್ದರು. ಲಿಲ್ಲಿ ಆ ಅಜ್ಜಿಯನ್ನು ತಬ್ಬಿಕೊಂಡಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಲದ್ದಿಯನ್ನು ಕೈಯಲ್ಲಿ ಎತ್ತಿ ಮುರಿದು ನೋಡಿದೆ. ಕಾಳು ಕಾಳಾಗಿಯೇ ಇತ್ತು.

ಹಿಂತಿರುಗುವ ದಾರಿ

ಆಮೇಲಿನ ಎರಡು ದಿನ ಶಿಬಿರ ಚೆನ್ನಾಗಿಯೇ ನಡೆಯಿತು. ಮೊದಲ ದಿನ ಬಾರದಿದ್ದವರೂ ಬಂದರು. ಕುದುರೆಯ ಹೊಟ್ಟೆ ಕೇಳಿದ ಡಾಕ್ಟರಿಗೆ ತಮ್ಮ ಎದೆಯನ್ನೂ ತೋರಿಸಬೇಕೆಂದು ಕೇಳಿಕೊಂಡು ಬಂದವರಿದ್ದರು. ನಾನು ಕಿಟಕಿ ಬಾಗಿಲು ಎಲ್ಲಕ್ಕೂ ಬಣ್ಣ ಬಳಿದು, ಪಂಪಿನ ಮನೆಯನ್ನೂ ಬಳಿದೆ. ಅದನ್ನು ಯಾರೂ ಹೇಳಿರಲಿಲ್ಲ.

ಹೊರಡುವ ಬೆಳಿಗ್ಗೆ ಡೆಬ್ ನನ್ನನ್ನು ಕರೆದಳು. ಹುರುಳಿಯ ವಿಷಯ ಹೊರಬಿದ್ದ ಮೇಲೆ ಅವಳು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಪೂರ್ಣಿ ಕನ್ನಡಕ್ಕೆ ತಿರುಗಿಸಿದಳು, ಈ ಸಲ ಏನೂ ಇಳಿಸದೆ. ಬಿಸ್ಕೆಟ್ ಮೇಲೆ ಯಾರೂ ಕೂರುವಂತಿಲ್ಲ. ಹಗ್ಗ ಹಿಡಿದು ನಡೆಸಿಕೊಂಡು ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಪಿಕಪ್‌ನಲ್ಲಿ ಕೂರಿಸುತ್ತಿದ್ದಳಂತೆ. ನಿಜವಾದ ತೂಕ ಹೇಳಿದವನು ನಾನೇ ಆದ್ದರಿಂದ ಕುದುರೆಯನ್ನು ನನ್ನ ಕೈಗೇ ಕೊಡುತ್ತಿದ್ದಾಳಂತೆ. ಶಿಕ್ಷೆಯೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ, ಬಹುಶಃ ಎರಡೂ. ನಾನು ಹಗ್ಗ ತೆಗೆದುಕೊಂಡೆ. ದಾರಿ ಎರಡೂವರೆ ದಿನದ್ದು, ಕಾಲು ನನ್ನದು. ನಡೆಯಬಲ್ಲೆ ಎಂಬ ಧೈರ್ಯವಿತ್ತು.

ಒಂದು ಮೈಲಿ ಹೋಗಿರಬಹುದು. ಉಳಿದವರು ಮುಂದೆ ಸಾಲಾಗಿ ಹೋಗುತ್ತಿದ್ದರು. ಪೂರ್ಣಿಯ ಕುದುರೆ ನಿಂತಿತು. ಅವಳು ಇಳಿದು, ಅದರ ಲಗಾಮು ಹಿಡಿದು ನನ್ನ ಪಕ್ಕಕ್ಕೆ ಬಂದಳು.

"ನೀನ್ಯಾಕಮ್ಮ ಇಳಿದೆ? ಹತ್ತು, ದೂರ ಇದೆ" ಎಂದೆ.

"ದಿನಾ ಪೇಷೆಂಟ್‌ಗಳಿಗೆ ಬೈತೀನಿ ಅಪ್ಪ, ಡಾಕ್ಟ್ರಿಗೆ ಸುಳ್ಳು ಹೇಳ್ಬೇಡಿ ಅಂತ. ಮೊನ್ನೆ ನಾನೇ ಹೇಳ್ದೆ. ಬಿಸ್ಕೆಟ್ ಆ ಬಕೆಟ್ಟಿನ ನೀರು ಕುಡಿದುಬಿಟ್ಟಿದ್ರೆ?" ಅವಳು ಲಗಾಮನ್ನು ಇನ್ನೊಂದು ಕೈಗೆ ಬದಲಿಸಿದಳು. "ನೀವೊಬ್ರೇ ನಡೆಯೋದು ಸರಿಯಲ್ಲ."

ನಾನು ಬಿಸ್ಕೆಟ್‌ನ ಹಗ್ಗ ಎಳೆದುಕೊಂಡು ಅವಳಿಗೆ ಪಕ್ಕದಲ್ಲಿ ಜಾಗ ಬಿಟ್ಟೆ. ದಫೇದಾರನಾಗಿ ನಾನು ಎಷ್ಟೋ ಹುಡುಗರನ್ನು ಕುದುರೆಯಿಂದ ಇಳಿಸಿ, ಹಗ್ಗ ಕೈಗೆ ಕೊಟ್ಟು, ಬಿಸಿಲಿನಲ್ಲಿ ನಡೆಸಿದ್ದೇನೆ. ಅವರಲ್ಲಿ ಯಾರ ಜೊತೆಗೂ ಇನ್ನೊಬ್ಬರು ಇಳಿದು ಬಂದು ನಡೆದದ್ದನ್ನು ನಾನು ನೋಡಿರಲಿಲ್ಲ.